ಗಂಗವ್ವನ ಊಟ, ರಂಜಕದ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಬೀಜ, ಗೊಬ್ಬರದ ಅಂಗಡಿ. ಚೀಲಗಳಿಗೆ ಇಲಿ ಕಾಟ ತಡೆಯಲಾಗದೆ 13 ವರ್ಷದ ಹಿಂದೆ ಒಂದು ಬೆಕ್ಕಿನ ಮರಿ ತಂದೆವು. ಅವಳೇ ಗಂಗವ್ವ. ಇಲಿ ಹಿಡಿದದ್ದು ನಾಲ್ಕೈದು ವರ್ಷ ಅಷ್ಟೇ. ಆಮೇಲೆ ಡಿಎಪಿ ಗೊಬ್ಬರದ ಚೀಲದ ಮೇಲೆ ಮಲಗುವುದೇ ಅವಳ ನೌಕರಿ.

ಕಳೆದ ಬೇಸಿಗೆಯಲ್ಲಿ ಅವಳು ನೀರು ಕುಡಿಯುವುದು ಜಾಸ್ತಿ ಆಯಿತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅದಕ್ಕೇ ಇರಬೇಕು ಅಂತ ಸುಮ್ನಿದ್ದೆ. ಅದು ನನ್ನ ತಪ್ಪು. ಮಳೆ ಬಿದ್ದ ಮೇಲೂ ನೀರಿನ ಬಟ್ಟಲು ಖಾಲಿ ಆಗುತ್ತಲೇ ಇತ್ತು. ಒಂದಿನ ಮನೆಯವಳು ಅವಳ ಬೆನ್ನು ಸವರಿ, "ಎಲುಬು ಕೈಗೆ ಹತ್ತಾಕತ್ತಾವ್ರೀ, ಡಾಕ್ಟರ್ ಕಡೆ ಒಯ್ರಿ" ಅಂದಳು.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 3.4, ಫಾಸ್ಫರಸ್ 6.8 ಬಂತು, ಎರಡೂ ಒಂದು ಡೆಸಿಲೀಟರ್‌ಗೆ ಮಿ.ಗ್ರಾಂ ಲೆಕ್ಕ. ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ಐರಿಸ್ ಎಂಬ ಪಶುವೈದ್ಯರ ಅಂತರರಾಷ್ಟ್ರೀಯ ಸಂಘ ನಾಲ್ಕು ಹಂತ ಮಾಡಿದೆ. ಕ್ರಿಯಾಟಿನಿನ್ 2.9ರಿಂದ 5 ಇದ್ದರೆ ಮೂರನೇ ಹಂತ. ಆ ಹಂತದಲ್ಲಿ ರಕ್ತದ ಫಾಸ್ಫರಸ್ 5ರ ಒಳಗೆ ಇರಬೇಕು. ಎರಡನೇ ಹಂತದಲ್ಲಾದರೆ 4.6ರ ಒಳಗೆ. ಡಾಕ್ಟರ್ ಇಷ್ಟು ವಿವರಿಸಿ, "ಫಾಸ್ಫರಸ್ ಕಡಿಮಿ ಇರೋ ಊಟ ಹಾಕ್ರಿ" ಅಂದರು.

ಕೆಟ್ಟ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕುವುದಿಲ್ಲ, ರಕ್ತದಲ್ಲೇ ಉಳಿಯುತ್ತದೆ. ಫಾಸ್ಫರಸ್ ಅಂದರೆ ರಂಜಕ. ದಿನಾ ಮಾರುವ ಸಾಮಾನು. ಇದರಲ್ಲೇನು ಕಷ್ಟ ಅಂದುಕೊಂಡೆ.

ಮನೆಗೆ ಬಂದು ಪೊಟ್ಟಣಗಳನ್ನು ತಿರುವಿ ನೋಡಿದೆ. ಅವಳು ತಿನ್ನುತ್ತಿದ್ದ ಒಣ ಕಾಳಿನಂಥ ಆಹಾರದಲ್ಲಿ 1.1%. ಪೌಚಿನ ಮೆತ್ತನೆ ಆಹಾರದಲ್ಲಿ ಬರೀ 0.25%. ಪೌಚೇ ಒಳ್ಳೆಯದು ಅಂತ ಒಂದು ಡಬ್ಬಿ ತಂದೂ ಬಿಟ್ಟೆ. ರಾತ್ರಿ ಮಲಗಿದಾಗ ತಲೆಗೆ ಹೊಳೆಯಿತು. ಪೌಚಿನಲ್ಲಿ 82% ನೀರೇ ಇದೆಯಲ್ಲ! ಡಿಎಪಿ ಚೀಲದ ಮೇಲೆ ರಂಜಕಕ್ಕೆ 46 ಅಂತ ಬರೆದಿರುತ್ತದೆ. ಅದು ಆಕ್ಸೈಡ್ ರೂಪದ ಲೆಕ್ಕ, ಶುದ್ಧ ರಂಜಕ ಸುಮಾರು 20% ಮಾತ್ರ. ರೈತರಿಗೆ ಎಷ್ಟು ಸಲ ಹೇಳಿದ್ದೇನೋ. ನಾನೇ ಚೀಲದ ಮೇಲಿನ ಅಂಕಿ ನೋಡಿ ಮೋಸ ಹೋಗಿದ್ದೆ.

ನೀರು ತೆಗೆದು ಲೆಕ್ಕ ಹಾಕುವುದು ಸುಲಭ. 100ರಲ್ಲಿ ತೇವಾಂಶ ಕಳೆಯಿರಿ. ಉಳಿದದ್ದರಿಂದ ಫಾಸ್ಫರಸ್ಸನ್ನು ಭಾಗಿಸಿ 100ರಿಂದ ಗುಣಿಸಿ. ಒಣ ಆಹಾರದಲ್ಲಿ ತೇವ 10%, ಹಾಗಾಗಿ 1.1ನ್ನು 90ರಿಂದ ಭಾಗಿಸಿದರೆ 1.22%. ಪೌಚು 0.25ನ್ನು 18ರಿಂದ ಭಾಗಿಸಿದರೆ 1.39%. ಕಡಿಮೆ ಅಂದುಕೊಂಡದ್ದೇ ಜಾಸ್ತಿ ಇತ್ತು.

ಇದಕ್ಕಿಂತ ಗಟ್ಟಿ ಲೆಕ್ಕ ಕ್ಯಾಲೊರಿಯದು. ಬೆಕ್ಕು ತಿನ್ನುವುದು ಹೊಟ್ಟೆ ತುಂಬಲಿಕ್ಕೆ, ಶೇಕಡಾವಾರು ನೋಡಿ ಅಲ್ಲ. ಒಣ ಆಹಾರದ 100 ಗ್ರಾಂನಲ್ಲಿ 380 ಕ್ಯಾಲೊರಿ, 1100 ಮಿ.ಗ್ರಾಂ ಫಾಸ್ಫರಸ್. ಅಂದರೆ 100 ಕ್ಯಾಲೊರಿಗೆ ಸುಮಾರು 290 ಮಿ.ಗ್ರಾಂ. ಡಾಕ್ಟರ್ ಬರೆದುಕೊಟ್ಟ ಕಿಡ್ನಿ ಆಹಾರದಲ್ಲಿ 400 ಕ್ಯಾಲೊರಿಗೆ 450 ಮಿ.ಗ್ರಾಂ, ಅಂದರೆ 100 ಕ್ಯಾಲೊರಿಗೆ 112. ಗಂಗವ್ವನ ತೂಕ 3.2 ಕೆ.ಜಿ. ದಿನಕ್ಕೆ 170 ಕ್ಯಾಲೊರಿ ಅಂತ ಹಿಡಿದರೆ ಮೊದಲು ಅವಳ ಹೊಟ್ಟೆಗೆ 490 ಮಿ.ಗ್ರಾಂ ಹೋಗುತ್ತಿತ್ತು, ಈಗ 190. ವ್ಯತ್ಯಾಸ ಆಗ ಕಣ್ಣಿಗೆ ಕಂಡಿತು.

ಇನ್ನೊಂದು ಮಾತು. ಪೊಟ್ಟಣದ ಮೇಲೆ ಎಷ್ಟೋ ಸಲ ಫಾಸ್ಫರಸ್ "ಕನಿಷ್ಠ" ಇಷ್ಟು ಅಂತ ಇರುತ್ತದೆ. ನಮ್ಮ ಗೊಬ್ಬರದ ಚೀಲದ ಹಾಗೇ, ಇಷ್ಟಕ್ಕಿಂತ ಕಡಿಮೆ ಇಲ್ಲ ಅನ್ನುವ ಭರವಸೆ ಅದು. ಕಿಡ್ನಿ ಬೆಕ್ಕಿಗೆ ಬೇಕಾದದ್ದು ತಿರುವು ಮುರುವು, ಇಷ್ಟಕ್ಕಿಂತ ಜಾಸ್ತಿ ಇಲ್ಲ ಅನ್ನುವುದು. ಕೆಲವು ಪೊಟ್ಟಣಗಳಲ್ಲಿ ಆ ಸಾಲೇ ಇಲ್ಲ. ಎರಡು ಕಂಪನಿಗೆ ಇಮೇಲ್ ಹಾಕಿ ನಿಜವಾದ ಸರಾಸರಿ ಕೇಳಿದೆ. ಒಂದು ಉತ್ತರ ಕೊಟ್ಟಿತು. ಇನ್ನೊಂದು ಇವತ್ತಿಗೂ ಇಲ್ಲ, ಅದರ ಸಾಮಾನು ತರುವುದು ಬಿಟ್ಟೆ.

ಎಲ್ಲ ರಂಜಕವೂ ಒಂದೇ ಅಲ್ಲ. ರಾಕ್ ಫಾಸ್ಫೇಟ್ ಹಾಕಿದರೆ ಬೆಳೆಗೆ ನಿಧಾನ ಸಿಗುತ್ತದೆ, ಡಿಎಪಿ ನೀರಲ್ಲಿ ಕರಗಿ ತಟ್ಟನೆ ಸಿಗುತ್ತದೆ ಅಲ್ವಾ? ಇಲ್ಲೂ ಹೆಚ್ಚು ಕಡಿಮೆ ಹಾಗೇ. ಮಾಂಸ, ಮೂಳೆಯಲ್ಲಿ ಸಹಜವಾಗಿ ಇರುವ ಫಾಸ್ಫರಸ್ ಅಷ್ಟು ಸಲೀಸಾಗಿ ರಕ್ತಕ್ಕೆ ಸೇರುವುದಿಲ್ಲ. ಸೋಡಿಯಂ ಫಾಸ್ಫೇಟ್‌ನಂಥ ಉಪ್ಪುಗಳು ಬೇಗ ಸೇರುತ್ತವೆ. ಹಾಗಾಗಿ ಒಳಗೇನೇನಿದೆ ಅನ್ನುವ ಪಟ್ಟಿಯಲ್ಲಿ ಸೋಡಿಯಂ ಜೊತೆ ಫಾಸ್ಫೇಟ್ ಕಂಡರೆ ಪೊಟ್ಟಣ ವಾಪಸ್ ಇಡುತ್ತೇನೆ.

ಲೆಕ್ಕ ಸರಿಯಾಯಿತು, ಗಂಗವ್ವ ಒಪ್ಪಬೇಕಲ್ಲ! ಒಂದೇ ದಿನ ಹಳೆಯದೆಲ್ಲ ತೆಗೆದು ಹೊಸದು ಇಟ್ಟೆ. ಒಂದೂವರೆ ದಿನ ಮೂಸಿಯೂ ನೋಡಲಿಲ್ಲ. ಹಸಿದರೆ ತಿಂತಾಳೆ ಅಂತ ಹಟ ಹಿಡಿದಿದ್ದೆ. ಫೋನ್ ಮಾಡಿದಾಗ ಡಾಕ್ಟರ್ ಬೈದೇಬಿಟ್ಟರು. ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೂ ಲಿವರ್‌ಗೆ ಕೊಬ್ಬು ಏರಿ ಜೀವಕ್ಕೇ ಕುತ್ತು ಬರಬಹುದಂತೆ. "ತಿನ್ನದ ಊಟದಾಗ ಫಾಸ್ಫರಸ್ ಎಷ್ಟಿದ್ರೇನ್ರೀ?" ಅಂದರು. ಆಮೇಲೆ ಹಳೆಯದಕ್ಕೆ ಒಂದೊಂದು ಚಮಚ ಹೊಸದು ಬೆರೆಸುತ್ತಾ ಐದು ವಾರ ತೆಗೆದುಕೊಂಡೆ. ಬಿಸಿನೀರು ಚಿಮುಕಿಸಿ ವಾಸನೆ ಏಳಿಸುವುದು ಮನೆಯವಳ ಉಪಾಯ. ಅದೇ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು.

ಮನೆಯ ತಿನಿಸಿನದು ಬೇರೆ ಜಗಳ. ನಮ್ಮಲ್ಲಿ ಬೆಕ್ಕು ಅಂದರೆ ಹಾಲುರೊಟ್ಟಿ. 100 ಮಿ.ಲೀ. ಹಾಲಲ್ಲಿ ಸುಮಾರು 90 ಮಿ.ಗ್ರಾಂ ಫಾಸ್ಫರಸ್, ಅವಳ ಇಡೀ ದಿನದ ಪಾಲಿನ ಅರ್ಧ. ಅವ್ವನಿಗೆ ಇದನ್ನು ಒಪ್ಪಿಸಲು ವಾರ ಹಿಡಿಯಿತು. ಮುಳ್ಳಿನ ಸಮೇತ ಒಣಮೀನು ಪೂರ್ತಿ ಬಂದ್. ಬದಲಿಗೆ ಬೇಯಿಸಿದ ಮೊಟ್ಟೆಯ ಬಿಳಿ ಒಂದು ಚೂರು. ಮೊಟ್ಟೆಯ ರಂಜಕವೆಲ್ಲ ಹಳದಿಯಲ್ಲಿ, ಬಿಳಿಯಲ್ಲಿ ನಾಲ್ಕೈದು ಮಿ.ಗ್ರಾಂ ಅಷ್ಟೇ. ಬರೀ ಕೋಳಿ ಅನ್ನ ಹಾಕಿ ಸಾಕುತ್ತೇನೆ ಅಂತ ಹೊರಡಬೇಡಿ. ಅದರಲ್ಲಿ ಕ್ಯಾಲ್ಸಿಯಂ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಾಲುವುದಿಲ್ಲ.

ಹೊಸ ಊಟ ಪೂರ್ತಿ ಆಗಿ ಆರು ವಾರಕ್ಕೆ ಮತ್ತೆ ರಕ್ತ ಕೊಟ್ಟೆವು. ಫಾಸ್ಫರಸ್ 5.6. ಇಳಿದಿತ್ತು, ಸಾಲಲಿಲ್ಲ. ಆಗ ಡಾಕ್ಟರ್ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ ಕೊಟ್ಟರು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುತ್ತದೆ, ನಮ್ಮ ಎರೆಭೂಮಿಯಲ್ಲಿ ಸುಣ್ಣ ಆ ಕೆಲಸ ಮಾಡುತ್ತದೆ. ಬೆಳೆಗೆ ಸಿಗದೆ ಹೋಗುವುದು ರೈತನಿಗೆ ನಷ್ಟ, ಇಲ್ಲಿ ಅದೇ ಔಷಧ. ಹೊಟ್ಟೆಯಲ್ಲಿ ಊಟದ ಜೊತೆ ಇದ್ದರಷ್ಟೇ ಅದು ಕಟ್ಟುತ್ತದೆ, ಖಾಲಿ ಹೊಟ್ಟೆಗೆ ಕೊಟ್ಟರೆ ದಂಡ. ಪ್ರಮಾಣ ಡಾಕ್ಟರೇ ತೂಕ ನೋಡಿ ಹೇಳಬೇಕು. ಮನುಷ್ಯರ ಆಸಿಡಿಟಿ ಸಿರಪ್ ತಂದು ಸುರಿಯಬೇಡಿ, ಅದರಲ್ಲಿ ಬಹಳ ಸಲ ಮೆಗ್ನೀಸಿಯಂ ಇರುತ್ತದೆ, ಕೆಟ್ಟ ಕಿಡ್ನಿಗೆ ಅದು ಆಗಿಬರುವುದಿಲ್ಲ. ನಮಗೆ ಮಲಬದ್ಧತೆ ಒಂದು ತೊಂದರೆ ಆಯಿತು, ಊಟಕ್ಕೆ ನೀರು ಜಾಸ್ತಿ ಬೆರೆಸಿ ಸುಧಾರಿಸಿತು.

ಒಂದು ತಿಂಗಳಿಗೆ 4.7 ಬಂತು.

ಕ್ರಿಯಾಟಿನಿನ್ ಅಲ್ಲೇ ಇದೆ, 3.3. ಹಾಳಾದ ಕಿಡ್ನಿ ವಾಪಸ್ ಬರುವುದಿಲ್ಲ, ಗೊತ್ತು. ಉದ್ರಿ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅವಳ ಲೆಕ್ಕ ಇಟ್ಟಿದ್ದೇನೆ. ನಿನ್ನೆಯದು ಹೀಗಿದೆ: ಇಟ್ಟದ್ದು 42 ಗ್ರಾಂ, ಬಿಟ್ಟದ್ದು 4 ಗ್ರಾಂ, ಪುಡಿ ಎರಡು ಸಲ, ಅವ್ವ ಕದ್ದು ಹಾಕಿದ ಹಾಲುರೊಟ್ಟಿ ಒಂದು ತುತ್ತು.