ಡಿವಿಡಿ ಬೀರು ಖಾಲಿಯಾಯಿತು, ಕೆಲಸ ಕಮ್ಮಿಯಾಗಲಿಲ್ಲ
ಕಾಲೇಜು ಲೈಬ್ರರಿಯಲ್ಲಿ ಸ್ಟ್ರೀಮಿಂಗ್ ವಿಡಿಯೊ ಕೆಲಸವನ್ನು ಹಂಚಿಕೊಳ್ಳುವುದು ಹೇಗೆ?

ಬೆಳಿಗ್ಗೆ ಹತ್ತೂಮುಕ್ಕಾಲು. ಹನ್ನೊಂದಕ್ಕೆ ಕ್ಲಾಸು. ಮೇಡಂ ಒಬ್ಬರು ಕೌಂಟರಿಗೆ ಓಡಿಬಂದು, "ಸರ್, ಆ ಡಾಕ್ಯುಮೆಂಟರಿ ಓಪನ್ನೇ ಆಗ್ತಿಲ್ಲ" ಅಂದರು. ನೋಡಿದರೆ ಆ ಚಿತ್ರವನ್ನು ನೆಟ್‌ನಲ್ಲಿ ತೋರಿಸುವ ಲೈಸೆನ್ಸ್ ಹಿಂದಿನ ರಾತ್ರಿ ಮುಗಿದಿದೆ. ಕ್ಯಾಟಲಾಗಿನಲ್ಲಿ ಮಾತ್ರ ಚಿತ್ರ ಹಾಯಾಗಿ ಕೂತಿದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಲೈಬ್ರರಿಯ ಕಥೆ ಇದು. ತಪ್ಪು ಯಾರದು ಅಂತ ಹುಡುಕಿದೆವು. ಯಾರದೂ ಅಲ್ಲ. ಆ ತಾರೀಖು ನೋಡಿಕೊಳ್ಳುವುದು ಯಾರ ಕೆಲಸ ಅಂತ ನಾವು ಎಲ್ಲೂ ಬರೆದಿಟ್ಟೇ ಇರಲಿಲ್ಲ.

ಡಿವಿಡಿ ಕಾಲದಲ್ಲಿ ಈ ರಗಳೆ ಇರಲಿಲ್ಲ. ಇಂಡೆಂಟ್ ಬಂತು, ಕೊಟೇಶನ್ ತರಿಸಿದೆವು, ಡಿಸ್ಕ್ ಬಂತು. ಲೈಬ್ರರಿಗೆ ಬಂದದ್ದನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು, ನಂಬರ್ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟರೆ ಮುಗಿಯಿತು. ಗೀರು ಬೀಳುವ ತನಕ ಅದರ ತಂಟೆಗೆ ಹೋಗಬೇಕಿರಲಿಲ್ಲ. ಅದು ಸ್ವಂತ ಮನೆ. ಸ್ಟ್ರೀಮಿಂಗ್ ಬಾಡಿಗೆ ಮನೆ, ಅಗ್ರಿಮೆಂಟ್ ಮುಗಿಯುವ ಮುಂಚೆ ಓನರ್ ಹತ್ತಿರ ಮಾತಾಡಲೇಬೇಕು. ಬೀರು ಖಾಲಿಯಾಯಿತಲ್ಲ, ಇನ್ನು ಒಬ್ಬ ಅಟೆಂಡರ್ ಸಾಕು ಅಂತ ಲೆಕ್ಕ ಹಾಕುವವರು ಎಡವುವುದು ಇಲ್ಲೇ.

ಮೊದಲ ಹೆಜ್ಜೆ: ಕೇಳುವವರು ಒಂದೇ ಕಡೆ ಕೇಳಲಿ

ವಾಟ್ಸಾಪಿನಲ್ಲಿ ಒಬ್ಬರು, ಕಾರಿಡಾರಿನಲ್ಲಿ ಒಬ್ಬರು, ಫೋನಿನಲ್ಲಿ ಇನ್ನೊಬ್ಬರು ಕೇಳಿದರೆ ಅರ್ಧ ಮರೆತೇ ಹೋಗುತ್ತದೆ. ಒಂದು ಫಾರಂ ಮಾಡಿ. ಚಿತ್ರದ ಹೆಸರು, ಯಾವ ಪೇಪರ್, ಕ್ಲಾಸಿನ ತಾರೀಖು, ಎಷ್ಟು ವಿದ್ಯಾರ್ಥಿಗಳು, ಕ್ಲಾಸಿನಲ್ಲಿ ನೋಡುವುದಾ ಮನೆಯಿಂದಲೂ ನೋಡಬೇಕಾ, ಇಷ್ಟು ಸಾಕು. ನಾಲ್ಕು ವಾರ ಮುಂಚೆ ಕೊಡಬೇಕು ಅನ್ನಿ. ಎರಡು ವಾರ ಮುಂಚೆ ಕೊಡುತ್ತಾರೆ, ಅದೇ ದೊಡ್ಡದು.

ಎರಡು: ಪುಕ್ಕಟೆ ಸಿಗುತ್ತದಾ ನೋಡಿ

ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟೆಲ್, ಆಮೇಲೆ ಬಂದ ಸ್ವಯಂ, ಇ-ಪಿಜಿ ಪಾಠಶಾಲಾ ಈ ಆನ್‌ಲೈನ್ ಪಾಠದ ತಾಣಗಳಲ್ಲಿ ಪಾಠದ ವಿಡಿಯೊಗಳು ಬೇಕಾದಷ್ಟಿವೆ. ಹುಡುಕುವುದಕ್ಕೆ ಒಬ್ಬರು ಅರ್ಧ ಗಂಟೆ ಕೊಡಬೇಕು, ಅಷ್ಟೇ. "ನಮ್ಮನೇಲಿ ನೆಟ್‌ಫ್ಲಿಕ್ಸ್ ಇದೆ, ಅದನ್ನೇ ಹಾಕೋಣ" ಅನ್ನುವ ಮೇಷ್ಟ್ರು ಎಲ್ಲಾ ಕಾಲೇಜಿನಲ್ಲೂ ಇದ್ದಾರೆ. ಮನೆಯ ಅಕೌಂಟ್ ಮನೆಮಂದಿಗೆ ಮಾತ್ರ ಅಂತ ಅದರ ಷರತ್ತಿನಲ್ಲೇ ಇದೆ. ಇನ್ನು ಡಿಸ್ಕಿನಿಂದ ಕಾಪಿ ಮಾಡಿ ಕಾಲೇಜು ಸರ್ವರಿಗೆ ಹಾಕುವ ಆಸೆ. ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿ ಹೀಗೆ ಹಾಕಿ 2010ರಲ್ಲಿ ಕೇಸು ಹಾಕಿಸಿಕೊಂಡಿತು. ಕೊನೆಗೆ ಕೇಸು ವಜಾ ಆಯಿತು ನಿಜ, ಆದರೆ ಅಷ್ಟು ವರ್ಷ ವಕೀಲರ ಫೀಸು ಕಟ್ಟುವ ತಾಕತ್ತು ನಮ್ಮ ಕಾಲೇಜುಗಳಿಗೆ ಎಲ್ಲಿಂದ ಬರಬೇಕು?

ಮೂರು: ಲೈಸೆನ್ಸ್ ಓದಲು ಒಬ್ಬರು ಬೇಕು

ಈ ಹೆಜ್ಜೆಗೇ ಜಾಸ್ತಿ ಸಮಯ ಇಡಿ. ಎಷ್ಟು ತಿಂಗಳು? ಒಟ್ಟಿಗೆ ಎಷ್ಟು ಜನ ನೋಡಬಹುದು? ಹಾಸ್ಟೆಲ್, ಮನೆಯಿಂದ ನಡೆಯುತ್ತದಾ? ದುಡ್ಡು ಯಾವಾಗ ಕಡಿತವಾಗುತ್ತದೆ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಕ್ಯಾನೊಪಿ ಅನ್ನುವ ಸ್ಟ್ರೀಮಿಂಗ್ ಸೇವೆ ಅಮೆರಿಕ, ಆಸ್ಟ್ರೇಲಿಯಾದ ಯೂನಿವರ್ಸಿಟಿಗಳಲ್ಲಿ ಹೆಸರುವಾಸಿ. ಅದರ ಒಂದು ಪ್ಲಾನ್ ಹೀಗಿತ್ತು: ಸಾವಿರಾರು ಚಿತ್ರಗಳು ವಿದ್ಯಾರ್ಥಿಗಳಿಗೆ ತೆರೆದಿರುತ್ತವೆ, ಮೊದಲಿಗೆ ಲೈಬ್ರರಿ ಏನೂ ಕೊಡಬೇಕಿಲ್ಲ. ಯಾರಾದರೂ 30 ಸೆಕೆಂಡ್ ನೋಡಿದರೆ ಒಂದು ಲೆಕ್ಕ. ನಾಲ್ಕನೆಯ ಲೆಕ್ಕಕ್ಕೆ ಆ ಚಿತ್ರದ ಒಂದು ವರ್ಷದ ಲೈಸೆನ್ಸ್ ತಾನಾಗಿಯೇ ಖರೀದಿಯಾಗುತ್ತದೆ, ಸುಮಾರು 150 ಡಾಲರಿಗೆ. ಅಂದರೆ ನಾಲ್ಕು ಹುಡುಗರು ಸುಮ್ನೆ ಅರ್ಧ ನಿಮಿಷ ಇಣುಕಿದರೂ ಬಿಲ್ ಬರುತ್ತದೆ. ಬಿಲ್ ಏರಿದ ಮೇಲೆ ಎಷ್ಟೋ ಯೂನಿವರ್ಸಿಟಿಗಳು ತಾನಾಗಿ ಕೊಳ್ಳುವುದನ್ನು ಬಂದ್ ಮಾಡಿ, ಮೇಷ್ಟ್ರು ಕೇಳಿದ್ದನ್ನು ಮಾತ್ರ ಕೊಳ್ಳತೊಡಗಿದವು. ದುಡ್ಡೇನೋ ಉಳಿಯಿತು. ಆದರೆ ಒಂದೊಂದು ಬೇಡಿಕೆಯನ್ನೂ ಓದಿ, ಬೆಲೆ ವಿಚಾರಿಸಿ, ಹ್ಞೂಂ ಅಥವಾ ಇಲ್ಲ ಅನ್ನುವುದಕ್ಕೆ ಆಳು ಬೇಕಾಯಿತು. ಡಿವಿಡಿ ಕೌಂಟರಿನಲ್ಲಿ ಉಳಿತಾಯವಾದ ಗಂಟೆಗಳು ಹೀಗೆ ಇಮೇಲಿನಲ್ಲಿ ಕರಗಿದವು.

ನಾಲ್ಕು: ಕ್ಯಾಟಲಾಗಿಗೆ ಸೇರಿಸಿ, ತೆಗೆಯುವುದನ್ನೂ ಕಲಿಯಿರಿ

ಕೊಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರಿನಲ್ಲಾದರೆ ಲಿಂಕ್ 856ನೇ ಟ್ಯಾಗಿಗೆ, ಅಂದರೆ ವೆಬ್ ವಿಳಾಸ ಬರೆಯುವ ಜಾಗಕ್ಕೆ, ಹೋಗುತ್ತದೆ. ಅದರ ಜೊತೆಗೇ ಮುಗಿಯುವ ತಾರೀಖನ್ನು ಒಂದು ನೋಟ್ ಆಗಿ ಹಾಕಿಡಿ. ಆಗ ಮುಂದಿನ ಎರಡು ತಿಂಗಳಲ್ಲಿ ಮುಗಿಯುವ ಚಿತ್ರಗಳ ರಿಪೋರ್ಟ್ ತೆಗೆಯಬಹುದು. ಹಲವು ಚಿತ್ರಗಳ ಪ್ಯಾಕೇಜ್ ತಗೊಂಡಿದ್ದರೆ ಕಂಪನಿಯವರು ಕಳಿಸುವ ಪಟ್ಟಿಯಲ್ಲಿ ಚಿತ್ರಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ಒಂದೊಂದಾಗಿ ಟೈಪ್ ಮಾಡಲು ಹೋದರೆ ಕತೆ ಮುಗಿಯಿತು. ಕ್ಯಾಟಲಾಗ್ ನೋಡಿಕೊಳ್ಳುವವರಿಗೆ ಮಾರ್ಕ್‌ಎಡಿಟ್ ಕಲಿಸಿ, ಅದು ಕ್ಯಾಟಲಾಗಿನ ದಾಖಲೆಗಳನ್ನು ಒಟ್ಟಿಗೆ ತಿದ್ದುವ, ಪುಕ್ಕಟೆ ಸಿಗುವ ಸಾಫ್ಟ್‌ವೇರ್.

ಐದು: ಕೆಲಸದ ಮುಂದೆ ಹೆಸರು ಬರೆಯಿರಿ

ಲೈಸೆನ್ಸ್ ಓದುವುದು ಲೈಬ್ರರಿಯನ್. ರಿನ್ಯೂವಲ್ ಮತ್ತು ಬಿಲ್ಲು ಪರ್ಚೇಸ್ ನೋಡುವವರು. ಲಾಗಿನ್ ತಕರಾರು ಕಂಪ್ಯೂಟರ್ ವಿಭಾಗ. "ಪ್ಲೇ ಆಗ್ತಿಲ್ಲ" ಅನ್ನುವ ಮೊದಲ ಕರೆ ಕೌಂಟರಿನ ಅಸಿಸ್ಟೆಂಟ್. ಇಬ್ಬರೇ ಇರುವ ಲೈಬ್ರರಿಯಲ್ಲಿ ಅದೇ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ, ಬರಲಿ. ಎಷ್ಟು ಹೊರೆ ಇದೆ ಅಂತ ಪ್ರಿನ್ಸಿಪಾಲರಿಗೆ ತೋರಿಸಲು ಆ ಹಾಳೆಯೇ ಸಾಕ್ಷಿ.

ಸಬ್‌ಟೈಟಲ್ ಇದೆಯಾ ಅಂತ ನೋಡುವ ಕೆಲಸದ ಮುಂದೆಯೂ ಒಂದು ಹೆಸರಿರಲಿ. ಕಿವಿ ಕೇಳದವರಿಗೆ ಆನ್‌ಲೈನ್ ವಿಡಿಯೊಗಳು ಸರಿಯಾಗಿ ಸಿಗುತ್ತಿಲ್ಲ ಅಂತ 2015ರಲ್ಲಿ ಅಮೆರಿಕದ ಹಾರ್ವರ್ಡ್, ಎಂಐಟಿ ಮೇಲೆ ಕೇಸು ಬಿತ್ತು. ಎರಡೂ ಸಂಸ್ಥೆಗಳು ಕೊನೆಗೆ ರಾಜಿ ಮಾಡಿಕೊಂಡು ಸಬ್‌ಟೈಟಲ್ ಹಾಕಲು ಒಪ್ಪಬೇಕಾಯಿತು.

ಸೆಮಿಸ್ಟರ್ ಶುರುವಾಗುವ ವಾರ ಎಲ್ಲಾ ಲಿಂಕನ್ನೂ ಒಮ್ಮೆ ಒತ್ತಿ ನೋಡಿ. ಕಾಲೇಜಿನ ವೈಫೈನಲ್ಲಿ ಅಲ್ಲ, ನಿಮ್ಮ ಮೊಬೈಲ್ ಡೇಟಾದಲ್ಲಿ. ಮನೆಯಲ್ಲಿ ಕೂತ ವಿದ್ಯಾರ್ಥಿಗೆ ಏನು ಕಾಣುತ್ತದೆ ಅಂತ ಆಗಲೇ ಗೊತ್ತಾಗುವುದು. ಹಳೆಯ ಡಿವಿಡಿ ಪ್ಲೇಯರನ್ನು ಮಾತ್ರ ಗುಜರಿಗೆ ಹಾಕಬೇಡಿ. ಎಷ್ಟೋ ಕನ್ನಡ ಸಾಕ್ಷ್ಯಚಿತ್ರಗಳು ಇವತ್ತಿಗೂ ಯಾವ ಸ್ಟ್ರೀಮಿಂಗಿಗೂ ಬಂದಿಲ್ಲ, ಡಿಸ್ಕಿನಲ್ಲೇ ಇವೆ.