ಕ್ವಿಲ್ಟ್ (ಕೌದಿ) ಬಳಗದ ಹಿಮಪ್ರವಾಸ: ಹೊಲಿಗೆ ಯಂತ್ರ ರಾತ್ರಿ ವ್ಯಾನಿನಲ್ಲಿ ಬೇಡ

ಕೆನಡಾದ ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹೆದ್ದಾರಿ ಸುಮಾರು 230 ಕಿ.ಮೀ. ಚಳಿಗಾಲದಲ್ಲಿ ನಡುವೆ ಎಲ್ಲೂ ಪೆಟ್ರೋಲ್ ಸಿಗದು, ಮೊಬೈಲ್ ಸಿಗ್ನಲ್ ಬಹುತೇಕ ಇರದು. ಟ್ಯಾಂಕ್ ತುಂಬಿಸಿಯೇ ಹೊರಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿಮಕ್ಕೊಪ್ಪುವ ಟೈರ್ ಕಡ್ಡಾಯ. ಬಾಡಿಗೆ ವ್ಯಾನ್ ಪಡೆಯುವಾಗಲೇ ಟೈರಿನ ಮೇಲೆ ಬೆಟ್ಟ ಮತ್ತು ಹಿಮಹರಳಿನ ಗುರುತು ಇದೆಯೇ ನೋಡಿಕೊಳ್ಳಿ.

ಇನ್ನು ಹೊಲಿಗೆ ಯಂತ್ರದ ವಿಷಯ. ರಾತ್ರಿಯಿಡೀ ಕೊರೆವ ಚಳಿಯಲ್ಲಿದ್ದದ್ದನ್ನು ಬೆಚ್ಚಗಿನ ಕೋಣೆಗೆ ತಂದು ತೆರೆದರೆ, ತಣ್ಣೀರಿನ ಲೋಟ ಬೆವರುವಂತೆ ಲೋಹದ ಮೇಲೂ ಸರ್ಕ್ಯೂಟ್ ಬೋರ್ಡಿನ ಮೇಲೂ ನೀರು ಕೂರುತ್ತದೆ. ಚೀಲದ ಜಿಪ್ ತೆಗೆಯದೆ ಮೂರ್ನಾಲ್ಕು ಗಂಟೆ ಹಾಗೇ ಇಡಿ. ಚಳಿಗೆ ಎಣ್ಣೆಯೂ ಗಟ್ಟಿಯಾಗಿರುತ್ತದೆ, ಹಾಗಾಗಿ ಮೊದಲ ಕೆಲವು ನಿಮಿಷ ಚಿಂದಿ ಬಟ್ಟೆಯ ಮೇಲೆ ನಿಧಾನವಾಗಿ ಹೊಲಿಯಿರಿ.

ಊರಿನಿಂದ 230 ವೋಲ್ಟ್ ಯಂತ್ರ ಒಯ್ಯಬೇಡಿ. ಅಲ್ಲಿನದು 120 ವೋಲ್ಟ್. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಸಾಮಾನ್ಯ 15 ಆಂಪ್ ಸರ್ಕ್ಯೂಟ್ ತಾಳುವುದು 1,800 ವ್ಯಾಟ್. 1,500 ವ್ಯಾಟಿನ ಎರಡು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ, ಎಲ್ಲರ ಹೊಲಿಗೆಯೂ ನಿಲ್ಲುತ್ತದೆ. ಪಕ್ಕದ ಸಾಕೆಟ್ಟೂ ಅದೇ ಸರ್ಕ್ಯೂಟಿನದ್ದಿರಬಹುದು, ಮೊದಲೇ ಕೇಳಿಕೊಳ್ಳಿ.

ವಿಮಾನದಲ್ಲಿ ರೋಟರಿ ಕಟರ್ (ಬಟ್ಟೆ ಕತ್ತರಿಸುವ ದುಂಡು ಅಲಗಿನ ಸಾಧನ) ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು, ಅಲಗು ಮುಚ್ಚಿರಲಿ. ದಾರಿಯಲ್ಲಿ ಕೈಹೊಲಿಗೆಗೆ ಷಡ್ಭುಜಾಕಾರದ ಬಟ್ಟೆ ತುಂಡುಗಳು ಸಾಕು.

ಈ ಹೆದ್ದಾರಿ ಬದಿಯ ಪೇಟೋ ಸರೋವರದ ನೀಲಿಗೆ ಬಟ್ಟೆ ಹೊಂದಿಸುವ ಆಸೆಯಿದ್ದರೆ ಮಾತ್ರ ಜುಲೈ, ಆಗಸ್ಟ್‌ನಲ್ಲಿ ಹೋಗಿ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಬಿಳಿಯಾಗಿರುತ್ತದೆ.