ಕೊನೆಯ ದಿನವನ್ನು ಕಾರವಾರಕ್ಕೆ ಮೀಸಲಿಟ್ಟ ಕರಾವಳಿ ಪ್ರವಾಸ

ಗೆಳೆಯರೊಡನೆ ಮಾಡುವ ದೀರ್ಘ ಪ್ರವಾಸದಲ್ಲಿ ಎಲ್ಲಿಂದ ಹೊರಡುತ್ತೇವೆ ಎಂಬುದಕ್ಕಿಂತ ಎಲ್ಲಿ ಮುಗಿಸುತ್ತೇವೆ ಎಂಬುದನ್ನು ಮೊದಲು ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಳೆದ ಬೇಸಗೆಯಲ್ಲಿ ನಾವು ಕೋಳಿಕ್ಕೋಡಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಾಭಿಮುಖವಾಗಿ ಎರಡು ಕಾರುಗಳಲ್ಲಿ ಬಂದೆವು. ನಾನು ಶಿರಸಿಯವನು, ಜೊತೆಗಿದ್ದವರಲ್ಲಿ ಕೆಲವರು ಹುಬ್ಬಳ್ಳಿಯವರು, ಒಬ್ಬ ಶಿವಮೊಗ್ಗದವನು, ಒಬ್ಬ ಪಣಜಿಯಲ್ಲಿ ನೌಕರಿಯಲ್ಲಿರುವವನು, ಉಳಿದ ದಂಪತಿ ಬೆಂಗಳೂರಿನವರು. ಇಷ್ಟು ದಿಕ್ಕುಗಳಿಗೆ ಚದುರಬೇಕಾದ ಗುಂಪು ಪ್ರವಾಸವನ್ನು ಎಲ್ಲಿ ಮುಗಿಸಬೇಕು ಎಂದು ನಕಾಶೆ ಹರವಿಕೊಂಡು ಕುಳಿತಾಗ ಕಾರವಾರವೇ ಸರಿ ಎಂದು ನನಗೆ ಕಂಡಿತು. ಬೆಂಗಳೂರಿಗೆ ಹೋಗುವವರಿಗೆ ಸಂಜೆ ಅಲ್ಲಿಂದಲೇ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಕಾಳಿ ಸೇತುವೆ ದಾಟಿದರೆ ಗೋವೆಯ ದಾರಿ. ಹುಬ್ಬಳ್ಳಿಯವರು ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗಬಹುದು. ನಾನು ಕುಮಟೆಯವರೆಗೆ ಬಂದು ದೇವಿಮನೆ ಘಟ್ಟ ಹತ್ತಿದರೆ ಊರು ಸೇರುತ್ತೇನೆ.

ಗೋಕರ್ಣದಲ್ಲೇ ಮುಗಿಸೋಣ ಎಂದವರಿದ್ದರು. ಗೋಕರ್ಣ ನನಗೂ ಪ್ರೀತಿಯ ಊರು. ಆದರೆ ಕುಡ್ಲೆಯೋ ಓಂ ಬೀಚೋ ಕಣ್ಣಿಗೆ ಬೀಳುವಷ್ಟು ಹತ್ತಿರವಿರುವಾಗ ಯಾರೂ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ, ಗಾಡಿ ತೊಳೆಯಲು ಹೋಗುವುದಿಲ್ಲ. ಮುಗಿಸುವ ಕೆಲಸಕ್ಕೆ ಬೇಕಾದದ್ದು ಗ್ಯಾರೇಜು, ಬ್ಯಾಂಕು, ರೈಲು ನಿಲ್ದಾಣ, ಒಳ್ಳೆಯ ಊಟದ ಮನೆ ಎಲ್ಲವೂ ಹತ್ತಿರದಲ್ಲಿರುವ, ಜಿಲ್ಲಾ ಕೇಂದ್ರವಾದ ಒಂದು ಊರು. ಆದ್ದರಿಂದ ಪ್ರವಾಸದ ಕೊನೆಯ ಒಂದು ಪೂರ್ತಿ ದಿನವನ್ನು ಏನನ್ನೂ ನೋಡುವುದಕ್ಕಲ್ಲದೆ ಕೇವಲ ಮುಗಿಸುವುದಕ್ಕಾಗಿ ಕಾರವಾರದಲ್ಲಿ ಕಳೆಯುವುದೆಂದು ಹೊರಡುವ ಮೊದಲೇ ಒಪ್ಪಿಕೊಂಡೆವು.

ಲೆಕ್ಕದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೆಳೆತನಗಳು ಹಳಸುವುದು ಹೆಚ್ಚಾಗಿ ಇಲ್ಲಿಯೇ. ಎಲ್ಲರೂ ತಲಾ ಸಮಾನ ಮೊತ್ತವನ್ನು ಒಬ್ಬರ ಬಳಿ ಕೊಟ್ಟಿದ್ದೆವು. ಹುಬ್ಬಳ್ಳಿಯ ಗೆಳತಿ ಅದನ್ನು ವಹಿಸಿಕೊಂಡಿದ್ದಳು. ವಸತಿ, ಡೀಸೆಲ್, ಟೋಲ್, ಒಟ್ಟಿಗೆ ಕುಡಿದ ಚಹಾ ಇವೆಲ್ಲ ಸಾಮಾನ್ಯ ಖರ್ಚು. ಮಧ್ಯಾಹ್ನದ ಊಟವನ್ನು ಮಾತ್ರ ಬೇರೆಯಾಗಿ ಬರೆದೆವು. ತಂಬುಳಿ ಅನ್ನ ಉಣ್ಣುವವನ ಮೇಲೆ ಕರಿದ ಬಂಗಡೆಯ ಬಿಲ್ಲಿನ ಪಾಲನ್ನು ಹೊರಿಸುವುದು ನ್ಯಾಯವಲ್ಲ, ಅವನು ಬಾಯಿಬಿಟ್ಟು ಕೇಳುವುದೂ ಇಲ್ಲ. ಕಾರಿನ ಮಾಲೀಕರಿಗೆ ಡೀಸೆಲ್ಲಿನ ಹೊರತಾಗಿ ಕಿಲೋಮೀಟರಿಗೆ ಇಷ್ಟು ಎಂದು ಸವಕಳಿಯ ಮೊತ್ತ ಸೇರಿಸಿದೆವು. ಟಯರು ಸವೆಯುವುದು, ಎಂಜಿನ್ ಆಯಿಲ್ ಬದಲಿಸಬೇಕಾಗುವುದು ಪ್ರವಾಸ ಮುಗಿದ ಮೇಲೆ ಅವರೊಬ್ಬರಿಗೇ ಬೀಳುವ ಖರ್ಚಾದ್ದರಿಂದ ಈ ಮೊತ್ತವನ್ನು ಬಿಡಬಾರದು.

ಶಿವಮೊಗ್ಗದ ಗೆಳೆಯ ರಜೆ ಸಾಲದೆ ಹೊನ್ನಾವರದಲ್ಲಿಯೇ ಇಳಿದು ಗೇರುಸೊಪ್ಪೆಯ ಮೇಲೆ ಹೋಗುವ ಬಸ್ಸು ಹಿಡಿಯಬೇಕಿತ್ತು. ಶರಾವತಿ ಸೇತುವೆ ದಾಟಿ ಊರೊಳಗೆ ಚಹಾಕ್ಕೆ ಕುಳಿತು, ಅವನ ಪಾಲನ್ನು ಅಲ್ಲಿಯೇ ಚುಕ್ತಾ ಮಾಡಿ, ಉಳಿದ ಹಣವನ್ನು ಯುಪಿಐ ಮೂಲಕ ಹಿಂದಿರುಗಿಸಿ ಬಸ್ಸು ಹತ್ತಿಸಿದೆವು. ದಾರಿ ಎಲ್ಲಿ ಕವಲೊಡೆಯುತ್ತದೆಯೋ ಅಲ್ಲಿ ಇಳಿಯುವವರ ಲೆಕ್ಕ ಅಲ್ಲಿಯೇ ಮುಗಿಯಬೇಕೆಂಬುದು ನಮ್ಮ ನಿಯಮವಾಗಿತ್ತು. ಅದಕ್ಕಾಗಿ ಪ್ರತಿ ರಾತ್ರಿ ಮಲಗುವ ಮೊದಲು ಆ ದಿನದ ಖರ್ಚನ್ನು ಓದಿ ಹೇಳುವ ಪರಿಪಾಠವಿಟ್ಟುಕೊಂಡಿದ್ದೆವು.

ಎರಡು ಕಾರುಗಳು ಒಂದನ್ನೊಂದು ಕಾಯುವ ಸ್ಥಳಗಳ ಬಗ್ಗೆ ಒಂದು ಸೂಚನೆ. ಈ ಹೆದ್ದಾರಿಯಲ್ಲಿ ಎರಡು ಶಿರೂರುಗಳಿವೆ: ಒಂದು ಭಟ್ಕಳಕ್ಕೆ ಮೊದಲು ಬೈಂದೂರು ಕಡೆಯ ಟೋಲ್ ನಾಕೆಯದು, ಇನ್ನೊಂದು ಅಂಕೋಲೆ ತಾಲೂಕಿನದು. ಬರೀ ಶಿರೂರು ಎನ್ನದೆ ತಾಲೂಕಿನ ಹೆಸರನ್ನೂ ಸೇರಿಸಿ ಹೇಳಬೇಕು. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನರೂ ವಾಹನಗಳೂ ಮಣ್ಣಿನಡಿ ಮತ್ತು ಗಂಗಾವಳಿಯ ಪಾಲಾದವು. ದಾರಿಬದಿಯಲ್ಲಿ ಚಹಾಕ್ಕೆ ನಿಂತವರೂ ಅವರಲ್ಲಿದ್ದರು ಎಂಬುದು ನಮ್ಮಂಥ ಪ್ರಯಾಣಿಕರ ಮನಸ್ಸಿನಿಂದ ಸುಲಭವಾಗಿ ಹೋಗುವಂಥದಲ್ಲ. ಗುಡ್ಡ ಕಡಿದು ಮಾಡಿದ ರಸ್ತೆಯ ಮಗ್ಗುಲಲ್ಲಿ, ಬೇಸಗೆಯಾದರೂ ಸರಿ, ಗಾಡಿ ನಿಲ್ಲಿಸುವುದಿಲ್ಲವೆಂದು ನಿರ್ಧರಿಸಿ ನೇರವಾಗಿ ಅಂಕೋಲೆ ಸೇರಿದೆವು.

ಮನೆಗೆ ಒಯ್ಯುವ ವಸ್ತುಗಳನ್ನು ಕೊಳ್ಳಲು ಅಂಕೋಲೆ ತಕ್ಕ ಜಾಗ. ಮೇ ತಿಂಗಳಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಗಳಲ್ಲಿ ಮಾವು ತುಂಬಿಕೊಂಡು ಬಂದು ಕೂರುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಕರಿ ಈಶಾಡು ಇಲ್ಲಿಯದೇ ಹಣ್ಣು. ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿ ಈಶಾಡಿನ ಸಿಪ್ಪೆ ದಪ್ಪ. ತೆಳು ಸಿಪ್ಪೆಯ ಹಣ್ಣು ದೂರದ ಪ್ರಯಾಣವನ್ನು ತಡೆಯದ ಕಾರಣ ರೈಲಿನಲ್ಲಿ ಹೋಗುವವರಿಗಾಗಿ ಇನ್ನೂ ದೋರೆಯಾಗಿದ್ದವನ್ನೇ ಆರಿಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಒಂದೇ ಪದರವಾಗಿ ಜೋಡಿಸಿದೆವು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪನ್ನು ಮೊದಲೇ ಕೊಂಡಿದ್ದೆವು. ಅದನ್ನು ಎರಡು ಚೀಲಗಳಲ್ಲಿ ಬಿಗಿಯಾಗಿ ಕಟ್ಟದಿದ್ದರೆ ಡಿಕ್ಕಿಯಲ್ಲಿ ನೀರೊಡೆದು ತಗಡಿಗೆ ತುಕ್ಕು ತರುತ್ತದೆ.

ಕಾರವಾರದಲ್ಲಿ ಬೆಳಗಿನ ಮೊದಲ ಕೆಲಸ ಗಾಡಿಗಳದ್ದು. ಕಡಲ ದಂಡೆಯ ವಸತಿಗಳಲ್ಲಿ ರಾತ್ರಿಯಿಡೀ ಗಾಡಿ ನಿಂತರೆ ಉಪ್ಪುಗಾಳಿಯ ಜಿಗುಟು ಗಾಜಿನ ಮೇಲಷ್ಟೇ ಅಲ್ಲ, ಗಾಡಿಯ ತಳಭಾಗಕ್ಕೂ ಕೂರುತ್ತದೆ. ಸಿಹಿನೀರಿನಲ್ಲಿ, ತಳದಿಂದ ಒತ್ತಡ ಕೊಟ್ಟು ವಾಟರ್ ವಾಶ್ ಮಾಡಿಸಿ, ಸೀಟುಗಳ ಹಳಿಗಳಲ್ಲಿ ಸೇರಿಕೊಂಡ ಮರಳನ್ನು ತೆಗೆಸಿದೆವು. ಇದಕ್ಕಿಂತ ಮುಖ್ಯವಾದುದು ಬ್ರೇಕು, ಕೂಲೆಂಟ್ ಮತ್ತು ಟಯರಿನ ಗಾಳಿಯ ತಪಾಸಣೆ. ನೂರಾರು ಕಿಲೋಮೀಟರು ಸಮತಟ್ಟಾದ ರಸ್ತೆಯಲ್ಲಿ ಓಡಿದ ಗಾಡಿಯೂ ದಣಿದ ಚಾಲಕರೂ ಕೊನೆಯಲ್ಲಿ ಘಟ್ಟ ಹತ್ತಬೇಕಾಗಿರುವುದು ನಮ್ಮ ಜಿಲ್ಲೆಯ ವಿಶೇಷ. ಅರಬೈಲಿನಲ್ಲಿ ಭಾರದ ಲಾರಿಗಳ ಸಾಲು ಇರುತ್ತದೆ. ದೇವಿಮನೆಯ ತಿರುವುಗಳಲ್ಲಿ ಮುಂಗಾರುಪೂರ್ವದ ಒಂದು ಮಳೆ ಬಿದ್ದರೆ ಸಾಕು, ರಸ್ತೆ ಜಾರುತ್ತದೆ. ಆದ್ದರಿಂದ ರೈಲಿನವರನ್ನು ಸಂಜೆ ಕಳಿಸಿ, ಗಾಡಿ ನಡೆಸುವವರು ಆ ರಾತ್ರಿ ಕಾರವಾರದಲ್ಲೇ ನಿದ್ದೆ ಮಾಡಿ ಬೆಳಕು ಹರಿದ ಮೇಲೆ ಹೊರಡುವುದೆಂದು ಗೊತ್ತುಮಾಡಿದ್ದೆವು. ಈ ಒಂದು ರಾತ್ರಿಯ ಬಾಡಿಗೆಯನ್ನು ದಂಡವೆಂದು ಯಾರೂ ಭಾವಿಸಬಾರದು.

ಗಾಡಿಗಳು ತೊಳೆಯುತ್ತಿದ್ದಾಗ ಕೋಣೆಯಲ್ಲಿ ಫೋಟೊಗಳ ಕೆಲಸ ನಡೆಯಿತು. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಚಿತ್ರದ ಗುಣಮಟ್ಟ ಇಳಿಯುವುದರಿಂದ ಎಲ್ಲರ ಫೋನುಗಳಿಂದಲೂ ಒಂದೇ ಲ್ಯಾಪ್‌ಟಾಪಿಗೆ ಮೂಲ ಕಡತಗಳನ್ನೇ ಇಳಿಸಿಕೊಂಡು ದಿನಾಂಕದಂತೆ ಜೋಡಿಸಿದೆವು. ಊರಿಗೆ ಹೋದ ಮೇಲೆ ಕಳಿಸುತ್ತೇನೆ ಎಂದ ಚಿತ್ರಗಳು ಬರುವುದಿಲ್ಲ. ಇನ್ನೊಬ್ಬರ ಮುಖವಿರುವ ಚಿತ್ರವನ್ನು ಅವರನ್ನು ಕೇಳದೆ ಎಲ್ಲಿಯೂ ಹಾಕಬಾರದೆಂದೂ ಆಗಲೇ ಮಾತಾಯಿತು.

ಮಧ್ಯಾಹ್ನದ ಊಟಕ್ಕೆ ತಾಜಾ ಮೀನು ಸಿಕ್ಕಿದ್ದು ತಿಂಗಳ ಪುಣ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಸ್ವಲ್ಪ ತಡವಾಗಿ ಬಂದಿದ್ದರೆ ಆ ರುಚಿ ದೊರೆಯುತ್ತಿರಲಿಲ್ಲ. ಊಟದ ನಂತರ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮರದ ನೆರಳಿನಲ್ಲಿ ಕುಳಿತು ಒಟ್ಟು ಲೆಕ್ಕವನ್ನು ಓದಿಸಿದೆವು. ರೈಲಿನ ಸಮಯ ಹತ್ತಿರವಾಗುವ ಮೊದಲೇ ಇದು ಆಗಬೇಕು. ಅವಸರದಲ್ಲಿ ಮಾಡಿದ ಲೆಕ್ಕದಲ್ಲಿ ಸಂಕೋಚದಿಂದ ಸುಮ್ಮನಾಗುವವರು ಇರುತ್ತಾರೆ.

ಪಣಜಿಯವನನ್ನು ಮಡಗಾಂವ್ ಬಸ್ಸಿಗೆ ಹತ್ತಿಸಿ, ಬೆಂಗಳೂರಿನವರನ್ನು ನಿಲ್ದಾಣಕ್ಕೆ ಮುಟ್ಟಿಸಿ ಬಂದೆವು. ಒಂದು ಅಂಶ ಮಾತ್ರ ಬಾಕಿ ಉಳಿಸಿದ್ದೆವು. ಫಾಸ್ಟ್ಯಾಗಿನ ಕಡಿತ ಕೆಲವೊಮ್ಮೆ ತಡವಾಗಿ ತೋರುತ್ತದೆ. ಮರಳುವ ದಾರಿಯಲ್ಲಿ ಹಟ್ಟಿಕೇರಿ ನಾಕೆಯ ಟೋಲ್ ಕೂಡ ಇತ್ತು. ಅದಕ್ಕಾಗಿ ಸ್ವಲ್ಪ ಹಣವನ್ನು ಹುಬ್ಬಳ್ಳಿಯ ಗೆಳತಿ ತಡೆಹಿಡಿದು, ಎಲ್ಲರೂ ಮನೆ ಮುಟ್ಟಿದ ಸುದ್ದಿ ಬಂದು ಕಡಿತಗಳೆಲ್ಲ ತಾಳೆಯಾದ ಮೇಲೆ ಉಳಿಕೆಯನ್ನು ತಲಾವಾರು ಹಂಚಿದಳು. ಹೊನ್ನಾವರದಲ್ಲಿ ಇಳಿದವನಿಗೆ ಅದರಲ್ಲಿ ಪಾಲಿರಲಿಲ್ಲ. ಪೆಟ್ಟಿಗೆಯ ಮಾವು ಮಾತ್ರ ನಾನು ಶಿರಸಿಯಿಂದ ಬಸ್ಸಿನಲ್ಲಿ ಅವನಿಗೆ ಕಳಿಸಿದೆ.